ತಂದೆಯನ್ನು ಕೇಳಿದ ಪ್ರಶ್ನೆ



ಸಂತ ಮಾರ್ಕನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಒಬ್ಬ ತಂದೆ ತನ್ನ ಮಗನಿಗಾಗಿ ಮೊದಲು ಬೇಡಿಕೊಂಡದ್ದು ಶಿಷ್ಯರನ್ನು. ಹುಡುಗ ನೆಲಕ್ಕೆ ಬೀಳುತ್ತಿದ್ದ, ಬಾಯಲ್ಲಿ ನೊರೆ, ಹಲ್ಲು ಕಡಿತ. ಶಿಷ್ಯರಿಂದ ಏನೂ ಆಗಲಿಲ್ಲ. ಅಷ್ಟರಲ್ಲಿ ಧರ್ಮಶಾಸ್ತ್ರಿಗಳ ಜೊತೆ ವಾಗ್ವಾದ ಬೇರೆ! ಯೇಸುಸ್ವಾಮಿ ಬಂದರು. ಹುಡುಗ ಕಣ್ಣೆದುರೇ ಒದ್ದಾಡುತ್ತಿರುವಾಗ ತಂದೆಯ ಕಡೆ ತಿರುಗಿ, ಇದು ಯಾವಾಗಿನಿಂದ ಎಂದು ವಿಚಾರಿಸಿದರು. ಪ್ರಭುವಿಗೆ ಆ ಉತ್ತರ ಬೇಕಿತ್ತೇ? ಆ ತಂದೆಗಂತೂ ಹೇಳಿಕೊಳ್ಳಬೇಕಿತ್ತು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರ್ಸೆಡ್ ಎಂಬ ಊರಿದೆ. 1975ರ ನಂತರ ಲಾವೋಸ್ ದೇಶದಿಂದ ಓಡಿಬಂದ ಮೊಂಗ್ ಜನಾಂಗದ ನಿರಾಶ್ರಿತರು ಅಲ್ಲಿ ಸಾವಿರಾರು ಸಂಖ್ಯೆಯಲ್ಲಿ ನೆಲೆಸಿದರು. ಅಂಥ ಒಂದು ಮನೆಯಲ್ಲಿ 1982ರಲ್ಲಿ ಲಿಯಾ ಲೀ ಎಂಬ ಹೆಣ್ಣುಮಗು ಹುಟ್ಟಿತು. ಮೂರು ತಿಂಗಳಿಗೇ ಫಿಟ್ಸ್ ಬಂತು. ಅಕ್ಕ ಬಾಗಿಲನ್ನು ದಡಾರನೆ ಹಾಕಿದಾಗ ಮಗುವಿನ ಆತ್ಮ ಬೆದರಿ ಓಡಿತೆಂದು ಹೆತ್ತವರ ನಂಬಿಕೆ. ಆತ್ಮ ಹಿಡಿಯುತ್ತದೆ, ಮನುಷ್ಯ ಬೀಳುತ್ತಾನೆ ಎಂಬುದೇ ಅವರ ಭಾಷೆಯಲ್ಲಿ ಆ ರೋಗದ ಹೆಸರು. ನಗಬೇಡಿ. ನಮ್ಮ ಊರುಗಳಲ್ಲೂ ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಬೀಗದಕೈ ತುರುಕುವವರಿದ್ದಾರೆ.

ಆಸ್ಪತ್ರೆಯಲ್ಲಿದ್ದವರು ತರಬೇತಿಯ ಕಿರಿಯ ವೈದ್ಯರು. ದುಭಾಷಿ ಇಲ್ಲ. ಮಗು ತಲುಪುವಷ್ಟರಲ್ಲಿ ಸೆಳೆತ ನಿಂತಿರುತ್ತಿತ್ತು. ಎರಡು ಸಲ ಶ್ವಾಸಕೋಶದ ಸೋಂಕೆಂದು ಔಷಧಿ ಕೊಟ್ಟು ಕಳುಹಿಸಿದರು. 1983ರ ಮಾರ್ಚಿನಲ್ಲಿ ಸೆಳೆತದಲ್ಲೇ ಬಂದಾಗ ಮಾತ್ರ ರೋಗ ಗೊತ್ತಾಯಿತು. ಆಮೇಲೆ ನಾಲ್ಕು ವರ್ಷ ತುಂಬುವುದರೊಳಗೆ ಔಷಧಿಯ ಚೀಟಿ 23 ಬಾರಿ ಬದಲಾಯಿತು. ತಂದೆತಾಯಿಗೆ ಓದು ಬರದು. ಹೇಳಿದಂತೆ ಔಷಧಿ ಕೊಡುತ್ತಿಲ್ಲವೆಂದು 1985ರಲ್ಲಿ ಮಗುವನ್ನು ಬೇರೆ ಮನೆಯ ಪಾಲನೆಗೆ ಒಪ್ಪಿಸಲಾಯಿತು. ಸುಮಾರು ಒಂದು ವರ್ಷ ತಾಯಿಯ ಮಡಿಲು ಬರಿದಾಯಿತು. ಮನೆಗೆ ಮರಳಿದ ಮೇಲೆ, 1986ರ ನವೆಂಬರಿನಲ್ಲಿ, ರಕ್ತಕ್ಕೆ ಸೋಂಕು ತಗಲಿ ಬಂದ ದೀರ್ಘ ಸೆಳೆತದಿಂದ ಮಿದುಳು ಕೆಟ್ಟಿತು. ಇನ್ನು ಉಳಿಯುವುದಿಲ್ಲವೆಂದರು ವೈದ್ಯರು. ತಾಯಿ ಬೆನ್ನಿಗೆ ಕಟ್ಟಿಕೊಂಡು ಸಾಕಿದಳು. ಲಿಯಾ ಪ್ರಾಣ ಬಿಟ್ಟದ್ದು 2012ರಲ್ಲಿ, 30ನೇ ವಯಸ್ಸಿನಲ್ಲಿ.

ಆ ವೈದ್ಯರನ್ನು ಕಲ್ಲೆದೆಯವರೆಂದು ತೂಗಿಬಿಡುವುದು ಅನ್ಯಾಯ. ರಾತ್ರಿಗಟ್ಟಲೆ ಆ ಮಗುವಿನ ತೋಳಲ್ಲಿ ರಕ್ತನಾಳ ಹುಡುಕಿದವರು ಅವರೇ. ಆದರೆ ಈ ಕಾಯಿಲೆ ಯಾಕೆ ಬಂತೆಂದು ನಿಮಗನಿಸುತ್ತದೆ, ಯಾವುದಕ್ಕೆ ಹೆದರುತ್ತೀರಿ ಎಂದು ಹೆತ್ತವರನ್ನು ಕುಳಿತು ಕೇಳುವ ಪಾಠ ಅವರಿಗಾಗಿರಲಿಲ್ಲ. ಹಾರ್ವರ್ಡಿನ ವೈದ್ಯ ಆರ್ಥರ್ ಕ್ಲೈನ್‌ಮನ್ ಅಂಥ ಎಂಟು ಪ್ರಶ್ನೆಗಳನ್ನು ರೂಪಿಸಿದ್ದರು. ಲಿಯಾಳ ಬಗ್ಗೆ ಆನ್ ಫಾಡಿಮನ್ ಬರೆದ ಪುಸ್ತಕ 1997ರಲ್ಲಿ ಬಂದ ಮೇಲೆ ಅಮೆರಿಕದ ಅನೇಕ ವೈದ್ಯಕೀಯ ವಿದ್ಯಾರ್ಥಿಗಳು ಅವಳ ಕಥೆಯೊಡನೆ ಆ ಪ್ರಶ್ನೆಗಳನ್ನೂ ಓದುತ್ತಾರೆ.

ಶಿಷ್ಯರೂ ಮನೆಗೆ ಬಂದ ಮೇಲೆ, ನಮ್ಮಿಂದ ಯಾಕಾಗಲಿಲ್ಲವೆಂದು ಗುರುವನ್ನು ಗುಟ್ಟಾಗಿ ಕೇಳಿದರಲ್ಲವೇ? ಪ್ರಾರ್ಥನೆ ಬೇಕೆಂದರು ಪ್ರಭು. ಪ್ರಾರ್ಥಿಸುವವನು ಬಾಯಿ ಮುಚ್ಚಿ ಕಿವಿ ತೆರೆಯುವುದನ್ನೂ ಕಲಿಯುತ್ತಾನೆ.

2009ರ ಹೊತ್ತಿಗೆ ಅದೇ ಮರ್ಸೆಡ್‌ನ ಕಥೋಲಿಕ ಆಸ್ಪತ್ರೆಯಾದ ಮರ್ಸಿ ಮೆಡಿಕಲ್ ಸೆಂಟರ್, ಮೊಂಗ್ ಜನರ ಮಂತ್ರವಾದಿಗಳಿಗೆ ರೋಗಿಯ ಹಾಸಿಗೆಯ ಬಳಿ ಒಂಬತ್ತು ಬಗೆಯ ವಿಧಿಗಳನ್ನು ನಡೆಸಲು ಅನುಮತಿ ಕೊಟ್ಟಿತ್ತು. ನಮ್ಮಲ್ಲಿ ಕೆಲವರಿಗೆ ಇದು ಇರಿಸುಮುರಿಸೆನಿಸೀತು. ಅಲ್ಲಿ ಅವರಿಗೆ ಗುರುತಿನ ಬಿಲ್ಲೆ ಕೊಟ್ಟು, ನಮ್ಮ ಗುರುಗಳಿಗೆ ಇರುವಷ್ಟೇ ಪ್ರವೇಶ ಕೊಟ್ಟಿದ್ದಾರೆ.