ನಾಳೆ ನಮ್ಮದಾಗಿರದ ನೆಲದಲ್ಲಿ ಹೂವಿನ ಬೀಜವನ್ನು ಬಿತ್ತಬಹುದೋ?

ಬಿತ್ತುವ ಕಾಲದಲ್ಲಿ ರೈತನ ಮನಸ್ಸಿನೊಳಗೆ ಪ್ರಶ್ನೆಗಳು ಹುಟ್ಟುವದು ಸಹಜವೇ. ಮಳೆ ಬರುವದೋ, ಬೆಲೆ ಸಿಕ್ಕುವದೋ, ಆಳು ದೊರೆಯುವದೋ ಎಂಬವುಗಳು ಎಲ್ಲರಿಗೂ ತಿಳಿದಂಥವುಗಳು. ಆದರೆ ಬೀಳಗಿಯ ಕಡೆಯಲ್ಲಿ ಕೃಷ್ಣೆಯ ಹಿನ್ನೀರಿಗೆ ಸಮೀಪವಾದ ಒಂದು ಹಳ್ಳಿಗೆ ನಾವು ಹೋಗಿದ್ದಾಗ ಒಂದು ಮನೆಯವರು ನಮ್ಮ ಮುಂದೆ ಇಟ್ಟ ಪ್ರಶ್ನೆಯು ಇವುಗಳಿಗಿಂತ ಆಳವಾದದ್ದು. ಆ ಮನೆಯ ಸೊಸೆಯು ಮುಧೋಳದ ಕಡೆಯ ತನ್ನ ತವರಿನಿಂದ ಕನಕಾಂಬರದ ಬೀಜವನ್ನು ಅರಿವೆಯಲ್ಲಿ ಕಟ್ಟಿಕೊಂಡು ಬಂದಿದ್ದಳು. ಬಾವಿಯ ಮಗ್ಗುಲಲ್ಲಿ ಒಂದು ಮಡಿಯನ್ನು ಮಾಡಿ ಅದನ್ನು ಬಿತ್ತಬೇಕೆಂಬದು ಅವಳ ಆಶೆ. ಅವಳ ಮಾವನಾದರೋ ನಮ್ಮನ್ನು ನೋಡಿ, “ಅಯ್ಯನವರೇ, ಜೋಳವಾದರೆ ನಾಲ್ಕು ತಿಂಗಳಲ್ಲಿ ಮನೆಗೆ ಬರುವದು. ಈ ಗಿಡವು ಎರಡು ಮೂರು ವರುಷ ಬಾಳುವದಂತೆ. ನೆಲವೇ ಅಷ್ಟು ದಿವಸ ನಮ್ಮ ಕೈಯಲ್ಲಿ ಇರುವದೋ ಇಲ್ಲವೋ! ನೀರಿನ ಪಾಲಾಗುವ ಹೊಲದಲ್ಲಿ ಬಾಳುವ ಗಿಡವನ್ನು ಹಚ್ಚುವದು ಬುದ್ಧಿಯೋ?” ಎಂದು ಕೇಳಿದನು. ಆಗ ಸೊಸೆಯು ಬಾಗಿಲ ಮರೆಯಿಂದಲೇ, “ಹಾಗಾದರೆ ಮಾವನವರೇ, ನೀರು ಬರುವ ತನಕ ಕೈ ಕಟ್ಟಿಕೊಂಡು ಕೂಡ್ರೋಣವೇ?” ಅಂದಳು. ನಮಗೆ ಆ ದಿವಸ ಉತ್ತರವು ತೋಚಲಿಲ್ಲ. ಊರಿಗೆ ತಿರುಗಿ ಬಂದು ಆಲೋಚಿಸಿದ್ದನ್ನು ಇಲ್ಲಿ ಬರೆಯುತ್ತೇವೆ.

ಮುದುಕನ ಭಯವು ಬರಿಯ ಭಯವಲ್ಲ. ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲನ್ನು ಇಟ್ಟರು. 2006ರಲ್ಲಿ ರಾಷ್ಟ್ರಪತಿಗಳಾಗಿದ್ದ ಅಬ್ದುಲ್ ಕಲಾಮರು ಅದನ್ನು ನಾಡಿಗೆ ಒಪ್ಪಿಸಿದರು. ಅದರ ನೀರು 519.60 ಮೀಟರಿನ ಮಟ್ಟದ ವರೆಗೆ ನಿಲ್ಲುವಷ್ಟರಲ್ಲಿಯೇ ಬೀಳಗಿಯ ಕಡೆಯ ಅನೇಕ ಊರುಗಳೂ ಹಳೆಯ ಬಾಗಲಕೋಟೆಯ ಒಂದು ಭಾಗವೂ ಮುಳುಗಿಹೋದವು. ಆ ಮೇಲೆ 2010ರಲ್ಲಿ ಕೃಷ್ಣಾ ನ್ಯಾಯಾಧಿಕರಣವು ನೀರನ್ನು 524.256 ಮೀಟರಿನ ತನಕ ನಿಲ್ಲಿಸಬಹುದೆಂದು ತೀರ್ಪು ಕೊಟ್ಟಿತು. ಈ ಎರಡು ಮಟ್ಟಗಳ ನಡುವಿನ ಅಂತರವು ಮೂರು ಆಳಿನ ಎತ್ತರಕ್ಕಿಂತ ಕಡಿಮೆ; ಆದರೆ ಆ ಅಂತರದೊಳಗೆ ಸಿಕ್ಕಿಕೊಂಡ ಹೊಲದವನು ಮುಳುಗಿದವನೂ ಅಲ್ಲ, ಬದುಕಿದವನೂ ಅಲ್ಲ ಎಂಬ ಸ್ಥಿತಿಯಲ್ಲಿ ವರುಷಗಳನ್ನು ಕಳೆಯುವಂತಾಯಿತು.

ಈ ಪ್ರಶ್ನೆಯು ಒಂದೇ ಮನೆಯದೆಂದು ಯಾರೂ ತಿಳಿಯಬಾರದು. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳ ನದೀತೀರದವರು 2019ರ ಆಗಸ್ಟಿನಲ್ಲಿ ಕೃಷ್ಣೆ ಘಟಪ್ರಭೆಗಳ ಮಹಾಪೂರದಲ್ಲಿ ನಿಂತ ಬೆಳೆಯನ್ನು ಕಳಕೊಂಡರು. ಬಾಯಿಮಾತಿನ ಲಾವಣಿಯಿಂದ ಒಬ್ಬರ ಹೊಲವನ್ನು ಮಾಡುವವನಿಗೆ ಪ್ರತಿ ಯುಗಾದಿಯೂ ಒಂದು ಹಿನ್ನೀರೇ. ಬರುವ ವರುಷ ಧಣಿಯು ಆ ಹೊಲವನ್ನು ಬೇರೊಬ್ಬನಿಗೆ ಕೊಟ್ಟರೆ ಅವನು ಕೇಳುವಂತಿಲ್ಲ. ನೋಡುವದಾದರೆ ನಮ್ಮಲ್ಲಿ ಯಾರ ಕೈಯಲ್ಲಿಯಾದರೂ ನೆಲವು ನಿಶ್ಚಯವಾಗಿ ನಿಂತಿದೆಯೋ? ಹೀಗಿರಲಾಗಿ, ಒಂದೇ ಸುಗ್ಗಿಗೆ ಮುಗಿಯದ ಕೆಲಸವನ್ನು ಕೈಗೆ ತಕ್ಕೊಳ್ಳುವದು ಸರಿಯೋ ತಪ್ಪೋ ಎಂಬದನ್ನು ಎಲ್ಲರೂ ವಿಚಾರಿಸಬೇಕಾಗಿದೆ.

ಮೊದಲು ಗಿಡದ ಸಂಗತಿಯನ್ನು ತಿಳಿಯೋಣ. ಹೂವಿನ ಗಿಡಗಳಲ್ಲಿ ಚೆಂಡು ಹೂವು, ಆಸ್ಟರ ಮುಂತಾದವುಗಳು ಒಂದು ಕಾಲಕ್ಕೆ ಹೂಬಿಟ್ಟು ಸಾಯುವವು. ಸೇವಂತಿಗೆಯು ಬಾಳುವದು, ಆದರೆ ನಾವು ಅದನ್ನು ಬೀಜದಿಂದಲ್ಲ, ಬುಡದಲ್ಲಿ ಒಡೆಯುವ ಮರಿಗಳಿಂದ ಹೆಚ್ಚಿಸುತ್ತೇವೆ. ಬಾಳುವ ಗುಣವೂ ಬೀಜದಿಂದ ಬರುವ ಗುಣವೂ ಕೂಡಿದಂಥವುಗಳಲ್ಲಿ ನಮ್ಮ ಸೀಮೆಯವರಿಗೆ ಪರಿಚಯವಾದವುಗಳು ಕನಕಾಂಬರ ಮತ್ತು ಗಲಾಟಿ. ಗಲಾಟಿಯು ಅಮೇರಿಕಾ ಖಂಡದಿಂದ ಬಂದ ಹೂವು. ಅದರ ಹೆಸರಿನಲ್ಲಿ ಗದ್ದಲವೇನೂ ಇಲ್ಲ. ಗೈಯಾರ್ ಎಂಬ ಒಬ್ಬ ಫ್ರೆಂಚ್ ನ್ಯಾಯಾಧಿಪತಿಯ ಸ್ಮರಣೆಗಾಗಿ ಪಂಡಿತರು ಇಟ್ಟ ಗೈಲಾರ್ಡಿಯಾ ಎಂಬ ಹೆಸರು ನಮ್ಮ ಜನರ ಬಾಯಲ್ಲಿ ಹೀಗಾಗಿದೆ. ಅದರಲ್ಲಿ ಒಂದು ವರುಷದ ಜಾತಿಯೂ ಬಾಳುವ ಜಾತಿಯೂ ಉಂಟು. ಬಾಳುವ ಜಾತಿಯನ್ನು ತಡವಾಗಿ ಬಿತ್ತಿದರೆ ಮೊದಲಿನ ವರುಷದಲ್ಲಿ ಅದು ಎಲೆಗಳ ಗುಂಪಾಗಿ ನೆಲಕ್ಕೆ ಅಂಟಿಕೊಂಡಿದ್ದು, ಮರುವರುಷದಲ್ಲಿ ಚೆನ್ನಾಗಿ ಹೂಬಿಡುವದು. ಕನಕಾಂಬರವು ಅಷ್ಟು ತಡಮಾಡುವದಿಲ್ಲ. ಮಡಿಯಲ್ಲಿ ಸುಮಾರು ಎರಡು ತಿಂಗಳು ಬೆಳೆದ ಸಸಿಯನ್ನು ಕಿತ್ತು ನೆಟ್ಟರೆ ಇನ್ನೆರಡು ಮೂರು ತಿಂಗಳಲ್ಲಿ ತೆನೆ ಹಾಕುವದು.

ಈ ಕೆಲಸವು ಸುಲಭವೆಂದು ನಾವು ಹೇಳುವದಿಲ್ಲ. ನಾವೇ ಒಂದು ವರುಷ ಎರೆ ಮಣ್ಣಿನ ಮೇಲೆ ಗಲಾಟಿಯ ಬೀಜವನ್ನು ಚೆಲ್ಲಿ, ಬೆರಳುದ್ದ ಮಣ್ಣನ್ನು ಎಳೆದು, ಕೊಡದಿಂದ ನೀರನ್ನು ಸುರಿದೆವು. ಕೆಲವು ಬೀಜಗಳು ಕೊಚ್ಚಿಹೋದವು. ಉಳಿದವುಗಳು ಒಣಗಿ ಬಿರಿತ ಹೆಪ್ಪಿನ ಕೆಳಗೆ ಸತ್ತವು. ಬೀಜವು ಕೆಟ್ಟದ್ದೆಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆವು. ಮರುವರುಷ ನೆರೆಯ ಒಬ್ಬ ಅಜ್ಜಿಯು ನಮ್ಮ ಕೈಯಲ್ಲಿ ಉಳಿದಿದ್ದ ಅದೇ ಬೀಜವನ್ನು ತಕ್ಕೊಂಡು, ಉಸುಕನ್ನೂ ಜರಡಿ ಹಿಡಿದ ತಿಪ್ಪೆಗೊಬ್ಬರವನ್ನೂ ಬೆರಸಿ ಮಡಿಯನ್ನು ಗೇಣೆತ್ತರಕ್ಕೆ ಏರಿಸಿ, ಬೀಜವು ಮರೆಯಾಗುವದೋ ಇಲ್ಲವೋ ಎಂಬಷ್ಟೇ ಪುಡಿ ಉದುರಿಸಿ, ತೂತಿನ ಡಬ್ಬಿಯಿಂದ ನೀರು ಚಿಮುಕಿಸಿ, ಮಡಿಯ ತುಂಬಾ ಸಸಿಗಳನ್ನು ಎಬ್ಬಿಸಿದಳು. ತಪ್ಪು ಬೀಜದಲ್ಲಿರಲಿಲ್ಲ, ನಮ್ಮ ಅವಸರದಲ್ಲಿತ್ತು.

ಈಗ ಮುದುಕನ ಮಾತಿಗೆ ಬರೋಣ. ಕೊಯ್ಯಲಾರದಲ್ಲಿ ಬಿತ್ತುವವನು ಮೂಢನೆಂಬದು ಅವನ ತರ್ಕ. ಹೊಟ್ಟೆಯ ಜೋಳವನ್ನು ಬಿಟ್ಟು ಹೊಲವನ್ನೆಲ್ಲ ಹೂವಿಗೆ ಕೊಟ್ಟರೆ ಈ ಮಾತು ನಿಜವೇ ಸರಿ. ಸರಾಸರಿ 600 ಮಿಲಿಮೀಟರು ಮಳೆಯೂ ಬೀಳದ ಸೀಮೆಯಲ್ಲಿ ಹಾಗೆ ಮಾಡೆಂದು ಯಾರೂ ಹೇಳಲಾರರು. ಆದರೆ ಸೊಸೆಯು ಕೇಳಿದ್ದು ಬಾವಿಯ ಮಗ್ಗುಲಿನ ಒಂದು ಮಡಿ ಮಾತ್ರ. ಅಷ್ಟನ್ನು ತಡೆಯುವದು ಲೆಕ್ಕಾಚಾರವಲ್ಲ, ಬೇಸರವೇ. ನೆಲವು ಹೋಗುವದೆಂಬ ಸುದ್ದಿಯು ನೆಲವು ಹೋಗುವ ಮೊದಲೇ ಮನುಷ್ಯನ ಕೈಯಿಂದ ಕುಂಟೆ ಕೂರಿಗೆಗಳನ್ನು ಕಸಕೊಳ್ಳುತ್ತದೆ. ಬಾವಿಯ ಹೂಳನ್ನು ತೆಗೆಯುವದು ನಿಲ್ಲುವದು, ಒಡ್ಡು ಒಡೆದರೆ ಕಟ್ಟುವವರಿಲ್ಲ, ಮನೆಯ ಮಾಳಿಗೆ ಸೋರಿದರೆ ಸೋರಲಿ ಅನ್ನುವರು. ನೀರು ಒಂದು ಸಾರಿ ಮುಳುಗಿಸುವದನ್ನು ಬೇಸರವು ದಿವಸಕ್ಕಿಷ್ಟರಂತೆ ಮೊದಲೇ ಮುಳುಗಿಸಿಬಿಡುವದು.

ಇನ್ನು ಇದಕ್ಕೆ ವಿರೋಧವಾದ ಬೇರೊಂದು ಬಿತ್ತನೆ ಉಂಟು; ಅದನ್ನೂ ಮರೆಮಾಡದೆ ಹೇಳಬೇಕು. 2013ರ ಭೂಸ್ವಾಧೀನದ ಕಾಯಿದೆಯ ಪ್ರಕಾರ ನೆಲಕ್ಕೆ ಪರಿಹಾರವನ್ನು ಗೊತ್ತುಮಾಡುವಾಗ ಅದರಲ್ಲಿರುವ ಗಿಡಮರಗಳಿಗೂ ನಿಂತ ಬೆಳೆಗೂ ಬೆಲೆ ಕಟ್ಟಬೇಕು. ಅದು ನ್ಯಾಯವೇ. ಆದರೆ ಈ ನ್ಯಾಯವನ್ನು ಕೇಳಿ, ನೀರುಣಿಸುವ ಮನಸ್ಸಿಲ್ಲದೆ, ಪಂಚನಾಮೆಯ ದಿವಸಕ್ಕೆ ಹಸುರಾಗಿ ಕಂಡರೆ ಸಾಕೆಂದು ಹೊಲದ ತುಂಬಾ ಸಸಿಗಳನ್ನು ಊರಿದರೆ ಅದು ಎಂಥಾ ಬಿತ್ತನೆ? “ನೆಲವನ್ನೇ ಕಳಕೊಳ್ಳುವವನು ನಾಲ್ಕು ಕಾಸು ಹೆಚ್ಚು ತಕ್ಕೊಂಡರೆ ತಪ್ಪೇನು?” ಎಂದು ಕೇಳುವವರಿದ್ದಾರೆ. ತಪ್ಪು ಇಷ್ಟೇ: ಅವನು ಗಿಡವನ್ನು ಸುಳ್ಳುಸಾಕ್ಷಿಯಾಗಿ ನಿಲ್ಲಿಸುತ್ತಾನೆ, ಅದರ ದೆಸೆಯಿಂದ ಪಕ್ಕದ ಹೊಲದಲ್ಲಿ ಬೆವರು ಸುರಿಸಿ ಬೆಳೆಸಿದವಳ ನಿಜವಾದ ಗಿಡವೂ ಅಧಿಕಾರಿಗಳ ಕಣ್ಣಿಗೆ ಸುಳ್ಳಾಗಿ ತೋರುವದು. ಬೇಸರದವನು ನೆಲವನ್ನು ಸತ್ತದ್ದೆಂದು ಎಣಿಸುತ್ತಾನೆ. ಇವನು ಅದನ್ನು ಬರಿಯ ಕಾಗದವೆಂದು ಎಣಿಸುತ್ತಾನೆ. ಇಬ್ಬರ ಹೊಲದಲ್ಲಿಯೂ ಹೂವಿಲ್ಲ.

ಹಾಗಾದರೆ ಬಾಳುವ ಗಿಡವನ್ನು ಬೀಜದಿಂದ ಬೆಳೆಸುವವನಿಗೆ ಏನು ಉಳಿಯುವದು? ಇಲ್ಲಿ ಕನಕಾಂಬರವೇ ನಮಗೆ ಒಂದು ಪಾಠವನ್ನು ಕಲಿಸುವದು. ಪೇಟೆಯಲ್ಲಿ ದೆಹಲಿ ಕನಕಾಂಬರವೆಂಬ ಒಂದು ಜಾತಿ ಉಂಟು. ಅದರ ಹೂವು ಬಹು ಅಂದವಾದದ್ದು. ಆದರೆ ಅದು ಬೀಜ ಕಟ್ಟುವದಿಲ್ಲ, ತುಂಡುಗಳಿಂದಲೇ ಅದನ್ನು ಹೆಚ್ಚಿಸಬೇಕು. ಕೊಂಡ ತುಂಡನ್ನಾಗಲಿ ಸೇವಂತಿಗೆಯ ಮರಿಯನ್ನಾಗಲಿ ಒದ್ದೆಯ ಅರಿವೆಯಲ್ಲಿ ಸುತ್ತಿ ಒಯ್ಯಬಹುದು; ಆದರೆ ಅವು ಕೆಲವು ದಿವಸ ಮಾತ್ರ ತಾಳುವವು, ಮುಟ್ಟಿದೊಡನೆ ನೆಲವು ಸಿದ್ಧವಾಗಿರಬೇಕು. ನೆಲವನ್ನು ಕಳಕೊಂಡವನಿಗೆ ಸಿದ್ಧವಾದ ನೆಲವೆಲ್ಲಿ? ಬೀಜವಾದರೋ ಅವನ ಸಂಗಡ ಕಾಯುವದು. ಊರ ಕನಕಾಂಬರದ ಒಣಗಿದ ತೆನೆಗೆ ನೀರು ತಾಗಿದೊಡನೆ ಕಾಯಿಯು ಪಟ್ಟೆಂದು ಒಡೆದು ಬೀಜವನ್ನು ದೂರಕ್ಕೆ ಎಸೆಯುವದನ್ನು ಮಕ್ಕಳು ಆಟವಾಗಿ ನೋಡಿದ್ದಾರೆ. ತಾಯಿಗಿಡವು ನಿಂತ ಸ್ಥಳದಲ್ಲಿಯೇ ನಿಲ್ಲುವದು. ತನ್ನ ಬೀಜವನ್ನು ಮಾತ್ರ ತಾನು ಹೋಗಲಾರದ ಸ್ಥಳಕ್ಕೆ ಕಳುಹಿಸುವದು.

ಬೀಜಕ್ಕಿಂತ ದೊಡ್ಡದು ಇನ್ನೊಂದುಂಟು. ಅದೇನಂದರೆ ಕೈಯ ವಿದ್ಯೆ. ಗಿಡವನ್ನು ಕೊಂಡವನ ಬಳಿಯಲ್ಲಿ ಗಿಡ ಮಾತ್ರ ಇದೆ. ಬೀಜದಿಂದ ಎಬ್ಬಿಸಿದವನ ಬಳಿಯಲ್ಲಿ ಗಿಡವನ್ನು ಉಂಟುಮಾಡುವ ಬುದ್ಧಿ ಇದೆ. ರಬಕವಿ-ಬನಹಟ್ಟಿಯ ನೇಕಾರನನ್ನು ಕೇಳಿರಿ. ಹಾಸನ್ನು ಹೂಡುವ ದಿವಸಗಳಲ್ಲಿ ಒಂದು ಗೇಣು ಸೀರೆಯೂ ಕಾಣುವದಿಲ್ಲ. ಆದರೆ ಹಾಸು ಹೂಡಲು ಬಲ್ಲವನ ಮಗ್ಗವು ಪ್ರವಾಹದಲ್ಲಿ ಹೋದರೂ ಅವನು ನೇಕಾರನೇ. ಆ ಸೊಸೆಯು ಎರಡು ತಿಂಗಳು ಮಡಿಯನ್ನು ಕಾದು ಕಲಿಯುವದನ್ನು ಯಾವ ಅಣೆಕಟ್ಟೂ ಮುಳುಗಿಸಲಾರದು. ಆದುದರಿಂದ, ಬಿತ್ತಬಹುದು ಎಂಬದೇ ನಮ್ಮ ಉತ್ತರ.

ಆದರೆ ಈ ಮಾತಿನ ದುರುಪಯೋಗವಾಗಬಾರದು. ಬೀಜವೂ ವಿದ್ಯೆಯೂ ಉಳಿಯುತ್ತವೆಂದು ಹೇಳಿ ಯಾರಾದರೂ ನೆಲದ ಬೆಲೆಯನ್ನು ಕಡಿಮೆ ಮಾಡಲು ನೋಡಿದರೆ ಅವನು ವಂಚಕನು. ಗಂಟಿನೊಳಗಿನ ಬೀಜಕ್ಕೆ ಕೊನೆಗೆ ನೆಲವು ಬೇಕೇ ಬೇಕು. ಒಂದು ಊರನ್ನು ಎಬ್ಬಿಸುವವರು ಆ ಊರಿಗೆ ತೀರಿಸಬೇಕಾದ ಸಾಲವು ಅವರ ತಾಳ್ಮೆಯಿಂದ ಒಂದು ಕಾಸೂ ಕಡಿಮೆಯಾಗದು. ಹಾಗೆಯೇ, ಹೊಲವನ್ನು ವರುಷ ವರುಷವೂ ಕೈ ಬದಲಿಸುವ ಧಣಿಯು, ಲಾವಣಿಯವನು ಗೊಬ್ಬರ ಹಾಕುವದಿಲ್ಲ, ಗಿಡ ಬೆಳೆಸುವದಿಲ್ಲ ಎಂದು ದೂರುವದು ಯೋಗ್ಯವಲ್ಲ. ಬಾಳುವ ಕೆಲಸವನ್ನು ಬಯಸುವವನು ಬಾಳುವ ಮಾತನ್ನು ಮೊದಲು ಕೊಡಲಿ.

ಆ ಮನೆಗೆ ನಾವು ಮತ್ತೊಮ್ಮೆ ಹೋದಾಗ ಮಡಿಯು ಸಿದ್ಧವಾಗಿತ್ತು. ಸೊಸೆಯು ಗಂಟಿನೊಳಗಿನ ಬೀಜದಲ್ಲಿ ಅರ್ಧವನ್ನು ಬಿತ್ತಿ, ಅರ್ಧವನ್ನು ತಿರುಗಿ ಕಟ್ಟಿ ತೊಲೆಗೆ ತೂಗಹಾಕಿದ್ದಳು. ಮುದುಕನು ಏನೂ ಮಾತಾಡಲಿಲ್ಲ. ಆದರೆ ಇರುವೆಗಳು ಬೀಜವನ್ನು ಹೊತ್ತುಕೊಂಡು ಹೋಗದಂತೆ ಮಡಿಯ ಸುತ್ತಲೂ ಬೂದಿಯ ಗೆರೆಯನ್ನು ಎಳೆದವನು ತಾನೇ ಎಂದು ತೋರಿಸಿದನು. ವಾಚಕರೇ, ಬೀಜವನ್ನು ಹಾಗೆ ಇಬ್ಭಾಗ ಮಾಡುವದು ಒಳ್ಳೇ ಬುದ್ಧಿಯೆಂದು ನಮಗೆ ತೋರುತ್ತದೆ. ಒಂದು ಭಾಗವು ಇಂದು ಕಾಲ ಕೆಳಗಿರುವ ನೆಲಕ್ಕೆ ನಾವು ಸಲ್ಲಿಸಬೇಕಾದದ್ದು. ಮತ್ತೊಂದು ಭಾಗವು ನಾಳೆ ಎಲ್ಲಿ ನಿಲ್ಲುವೆವೋ ಆ ನೆಲಕ್ಕೆ.