ಗುಟ್ಟು ಕಾಯುವವರು ಯಾರು?

ಆಡಿಟರ್ ಕಚೇರಿಗೆ ಬರುವ ಕಾಗದಗಳಲ್ಲಿ ಬರೀ ಲೆಕ್ಕ ಇರುವುದಿಲ್ಲ. ದಿನಸಿ ಅಂಗಡಿಯವರ ಪಾಸ್‌ಬುಕ್ಕಿನಲ್ಲಿ ಮಗಳ ಮದುವೆಯ ಸಾಲ ಇರುತ್ತದೆ, ಮನೆಯಲ್ಲಿ ಹೇಳದೆ ತಮ್ಮನಿಗೆ ಕೊಟ್ಟ ಹಣ ಇರುತ್ತದೆ. ಹೆಂಡತಿಗೂ ತಿಳಿಯದ್ದು ಆಡಿಟರಿಗೆ ತಿಳಿದಿರುತ್ತದೆ. ಈಗ ಈ ಲೆಕ್ಕಗಳು ಕಚೇರಿಯ ಕಪಾಟು, ಕಂಪ್ಯೂಟರು ಬಿಟ್ಟು ಕ್ಲೌಡ್ ತಂತ್ರಾಂಶಕ್ಕೆ ಹೋಗುತ್ತಿವೆ. ಅಂದರೆ, ಬಾಡಿಗೆ ಪಡೆದು ಜಾಗ ಕೊಡುವ ಇನ್ಯಾವುದೋ ಕಂಪನಿಯ ಸರ್ವರಿಗೆ. ಹಾಗಾದರೆ ಅಂಗಡಿಯವರ ಗುಟ್ಟನ್ನು ಈಗ ಕಾಯುತ್ತಿರುವವರು ಯಾರು?

ಕ್ಲೌಡನ್ನು ದೂರಲು ನಾನು ಇದನ್ನು ಕೇಳುತ್ತಿಲ್ಲ. ಕಪಾಟಿಗೆ ಗೆದ್ದಲು ಹಿಡಿಯುತ್ತದೆ, ಹಾರ್ಡ್‌ಡಿಸ್ಕ್ ಕೆಡುತ್ತದೆ. ಕ್ಲೌಡಿನಲ್ಲಿ ಪ್ರತಿ ಹೊರುವವರಿಲ್ಲದೆ ಮೂವರು ಮೂರು ಕಡೆ ಕೂತು ಒಂದೇ ಲೆಕ್ಕ ನೋಡಬಹುದು. ಯಾರು ಯಾವ ಕಡತ ತೆರೆದರು ಎಂಬ ದಾಖಲೆಯನ್ನೂ ಇಡಬಹುದು. ಬೀಗದ ಮಾತಾದರೆ ಎಷ್ಟೋ ಸಲ ಹೊಸದೇ ಗಟ್ಟಿ.

ಆದರೆ ನೀತಿಶಾಸ್ತ್ರ ಓದುತ್ತಿರುವ ನನಗೆ ಭದ್ರತೆ ಬೇರೆ, ಗೋಪ್ಯತೆ ಬೇರೆ ಎನ್ನಿಸುತ್ತದೆ. ಗುಟ್ಟು ನಿಲ್ಲದವರನ್ನು ಕುರಿತು ಕನ್ನಡದಲ್ಲಿ 'ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ' ಎನ್ನುತ್ತೇವೆ. ಗುಟ್ಟಿಗೆ ನಾವು ಕೊಟ್ಟ ಜಾಗ ಪೆಟ್ಟಿಗೆಯಲ್ಲ, ಮನುಷ್ಯರ ಹೊಟ್ಟೆ. ಹೇಳಬಲ್ಲವರು ಹೇಳದೆ ಉಳಿದಾಗ ಅದು ಗುಣ. ಸರ್ವರ್ ಕೂಡ ಸುಮ್ಮನಿರುತ್ತದೆ, ಆದರೆ ಆ ಮೌನಕ್ಕೆ ಗುಣದ ಹೆಸರು ಸಲ್ಲದು.

ಗುಟ್ಟು ಸೋರದಿದ್ದರೆ ಸಾಕಲ್ಲ, ಯಾರ ಗುಣದಿಂದ ಉಳಿದರೇನು ಎಂದು ಕೇಳಬಹುದು. ಅಂಗಡಿಯವರಿಗೆ ಅಷ್ಟು ಸಾಕಾಗಬಹುದು, ವೃತ್ತಿಗೆ ಸಾಲದು. ಆಡಿಟರ್ ಕಚೇರಿಗೆ ಆರ್ಟಿಕಲ್‌ಶಿಪ್‌ಗೆ ಸೇರಿದ ಹುಡುಗಿ ಮೌನವನ್ನು ಕಲಿಯುವುದು ಹಿರಿಯರನ್ನು ನೋಡಿ: ಎಲ್ಲ ಕಂಡೂ ಬಾಯಿ ಬಿಡದಿರುವುದನ್ನು ನೋಡಿ. ತಂತ್ರಾಂಶ ಅವಳಿಗೆ ಅನುಮತಿ ಇದ್ದಷ್ಟನ್ನೇ ತೋರಿಸುತ್ತದೆ. 'ನಾನು ಯಾವುದನ್ನು ಹೇಳಬಾರದು' ಎಂಬ ಪ್ರಶ್ನೆ ಅಲ್ಲಿ 'ನನಗೆ ಯಾವುದು ತೆರೆಯುತ್ತದೆ' ಎಂದಾಗುತ್ತದೆ. ತೆರೆದದ್ದೆಲ್ಲ ಆಡಬಹುದಾದದ್ದು ಎಂದು ಅವಳಿಗೆ ಅನ್ನಿಸತೊಡಗಿದರೆ, ಯಾವ ಪಾಸ್‌ವರ್ಡೂ ಅದನ್ನು ತಡೆಯಲಾರದು.

ಕಾನೂನು ಈ ಹೊಣೆಯನ್ನು ಯಂತ್ರಕ್ಕೆ ಬಿಟ್ಟಿಲ್ಲ. ಗ್ರಾಹಕರ ಒಪ್ಪಿಗೆಯಿಲ್ಲದೆ, ಕಾನೂನು ಕೇಳದೆ, ಅವರ ಮಾಹಿತಿ ಹೊರಗೆಡಹುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಪ್ರಕಾರ ವೃತ್ತಿದೋಷ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರವೂ ಮಾಹಿತಿಯ ಕೆಲಸವನ್ನು ಬೇರೆಯವರಿಗೆ ವಹಿಸಿದ ಮಾತ್ರಕ್ಕೆ ವಹಿಸಿದವರ ಹೊಣೆ ತಪ್ಪುವುದಿಲ್ಲ. ಆ ಕಾಯ್ದೆ ಅವರನ್ನು ಕರೆಯುವುದು 'ಡೇಟಾ ಫಿಡ್ಯೂಷಿಯರಿ' ಎಂದು. ಆ ಪದದ ಲ್ಯಾಟಿನ್ ಬೇರಿನಲ್ಲಿರುವುದು ನಂಬಿಕೆ.

ಹಾಗಾಗಿ ಕ್ಲೌಡಿಗೆ ಹೋಗುವುದು ತಪ್ಪಲ್ಲ. ಹೇಳದೆ ಹೋಗುವುದು ತಪ್ಪು. 'ನಿಮ್ಮ ಲೆಕ್ಕ ಇನ್ನು ಇಂಥಲ್ಲಿರುತ್ತದೆ, ಇಂಥವರು ನೋಡಬಲ್ಲರು, ಹೆಚ್ಚುಕಡಿಮೆ ಆದರೆ ನನ್ನನ್ನೇ ಕೇಳಿ' ಎಂದು ಅಂಗಡಿಯವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಲು ಐದು ನಿಮಿಷ ಸಾಕು. ಅವರು ಬೇಡ ಎಂದರೆ ಏನು ಮಾಡಬೇಕೆಂಬುದನ್ನೂ ಮೊದಲೇ ಯೋಚಿಸಿರಬೇಕು. ಬೇಡ ಎನ್ನಲು ಜಾಗವಿಲ್ಲದ ಕಡೆ ಕೇಳುವುದು ಬರೀ ಉಪಚಾರ.