ಶೋಧನೆಯ ಎದುರು ವಿಶ್ವಾಸದ ಗುರಿ

ಕ್ರೈಸ್ತ ಧರ್ಮಚಿಂತನೆಯ ಪ್ರಕಾರ ಶೋಧನೆ, ಎಂದರೆ ಮನುಷ್ಯನನ್ನು ದೇವರ ಮಾರ್ಗದಿಂದ ಸೆಳೆಯುವ ಪ್ರಲೋಭನೆ, ತಾನಾಗಿ ಪಾಪವಲ್ಲ. ಮನಸ್ಸು ಅದಕ್ಕೆ ಸಮ್ಮತಿಸಿದಾಗ ಅದು ಪಾಪವಾಗುತ್ತದೆ. ಈ ವಿವೇಚನೆಯನ್ನು ಸೂಕ್ಷ್ಮವಾಗಿ ಬೆಳೆಸಿದವರಲ್ಲಿ ನಾಲ್ಕನೆಯ ಶತಮಾನದ ಇವಾಗ್ರಿಯಸ್ ಪ್ರಮುಖನು. ಕಾನ್‌ಸ್ಟಾಂಟಿನೋಪಲಿನಲ್ಲಿ ಸಭಾಸೇವಕನಾಗಿದ್ದಾಗ ವಿವಾಹಿತ ಸ್ತ್ರೀಯೊಬ್ಬಳ ಮೋಹಕ್ಕೆ ಸಿಲುಕಿದ ಆತ ಆ ನಗರವನ್ನು ತೊರೆದು, ಜೆರುಸಲೇಮಿನ ಮೂಲಕ ಈಜಿಪ್ಟಿನ ಮರುಭೂಮಿಯನ್ನು ಸೇರಿ, 399ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ತಪಸ್ವಿಯಾಗಿ ಬಾಳಿದನು.

ಹೊಟ್ಟೆಬಾಕತನದಿಂದ ಅಹಂಕಾರದವರೆಗೆ ಎಂಟು ದುರಾಲೋಚನೆಗಳನ್ನು ಗುರುತಿಸಿದ ಆತ, ಅವುಗಳಲ್ಲಿ ‘ಅಸೀಡಿಯ’ವನ್ನು, ಅಂದರೆ ಸಾಧನೆಯ ನಡುವೆ ಹುಟ್ಟುವ ಬೇಸರವನ್ನು, ಅತ್ಯಂತ ಭಾರವಾದುದೆಂದು ಎಣಿಸಿದನು: ನಡುಹಗಲಿನಲ್ಲಿ ಸೂರ್ಯನು ಚಲಿಸುವುದೇ ಇಲ್ಲವೆನಿಸಿ, ಸನ್ಯಾಸಿಯು ಪದೇಪದೇ ಕಿಟಕಿಯತ್ತ ನೋಡುತ್ತ, ತನ್ನ ಕುಟೀರವನ್ನೂ ಕೈಕೆಲಸವನ್ನೂ ದ್ವೇಷಿಸತೊಡಗುತ್ತಾನೆ. ಯೇಸು ಅಡವಿಯಲ್ಲಿ ಸೈತಾನನಿಗೆ ಧರ್ಮೋಪದೇಶಕಾಂಡದ ವಾಕ್ಯಗಳಿಂದ ಉತ್ತರಿಸಿದಂತೆ, ಪ್ರತಿಯೊಂದು ಆಲೋಚನೆಗೂ ತಕ್ಕ ಶಾಸ್ತ್ರವಚನದಿಂದ ಪ್ರತ್ಯುತ್ತರ ಕೊಡಬೇಕೆಂಬುದು ಆತನ ಉಪದೇಶ. ಅಂತಹ ವಚನಗಳನ್ನು ಎಂಟು ಭಾಗಗಳಲ್ಲಿ ಸಂಗ್ರಹಿಸಿ ‘ಆಂಟಿರೆಟಿಕೋಸ್’ ಎಂಬ ಗ್ರಂಥವನ್ನೇ ಆತ ರಚಿಸಿದನು.

ಆದರೆ ಈ ಹೋರಾಟವು ತನ್ನಲ್ಲೇ ಕೊನೆಗೊಳ್ಳುವುದಿಲ್ಲ. ವಿಕಾರಗಳಿಂದ ಬಿಡುಗಡೆಗೊಂಡ ಮನಃಸ್ಥಿತಿಯಾದ ‘ಅಪಥೇಯ’ದಿಂದ ಪ್ರೀತಿಯು ಜನಿಸುತ್ತದೆಂದೂ, ಆ ಪ್ರೀತಿಯೇ ದೇವರ ಅರಿವಿನತ್ತ ಕೊಂಡೊಯ್ಯುತ್ತದೆಂದೂ ಇವಾಗ್ರಿಯಸ್ ಬೋಧಿಸಿದನು. ಆದುದರಿಂದ ಆಸೆಯನ್ನು ಬಲವಂತದಿಂದ ಅದುಮಿಡುವವನಿಗಿಂತ, ಪ್ರೀತಿಗೆ ಹೆಚ್ಚು ಯೋಗ್ಯವಾದುದು ತನ್ನ ಮುಂದಿದೆಯೆಂದು ದೃಢವಾಗಿ ನಂಬಿದವನೇ ಶೋಧನೆಯನ್ನು ಸ್ಥಿರವಾಗಿ ಗೆಲ್ಲಬಲ್ಲನು.